ಶೈಲಜಾ ಬರೆದ ತಾರೀಕಿನ ಕೋಡು

ಮದುವೆಯಾಗಿ ಮೈಸೂರಿನಿಂದ ಅಮೆರಿಕದ ಫ್ರೀಮಾಂಟಿಗೆ ಬಂದ ಶೈಲಜಾಳ ಕೈಯನ್ನು ವೀಸಾ ಕಟ್ಟಿಹಾಕಿತ್ತು. ಗಂಡ ಮಧ್ವೇಶ ದುಡಿಯಬಹುದು, ಅವಳು ದುಡಿಯುವಂತಿಲ್ಲ. ಸಂಬಳ ತಗೋಬಾರದು ಅಂದರು, ಸರಿ. ತೆಪ್ಪಗೆ ಕೂತಿರಬೇಕೆಂದು ಯಾವ ಕಾನೂನೂ ಹೇಳಿರಲಿಲ್ಲವಲ್ಲ! ವೆಬ್‌ಸೈಟು ಕಟ್ಟುವವರಿಗೆ ಸಿದ್ಧ ಚೌಕಟ್ಟು ಒದಗಿಸುವ ಒಂದು ಫ್ರೇಮ್‌ವರ್ಕು ಇತ್ತು, ಜಾವಾ ಎಂಬ ಕಂಪ್ಯೂಟರು ಭಾಷೆಯಲ್ಲಿ ಬರೆದದ್ದು. ಜಗತ್ತಿನ ಯಾರು ಬೇಕಾದರೂ ಅದಕ್ಕೆ ಬಿಟ್ಟಿ ತಿದ್ದುಪಡಿ ಕಳಿಸಬಹುದಿತ್ತು. ಕೋಡು ಬರೆಯಲು ಬಲ್ಲ ಶೈಲಜಾ ಅದಕ್ಕೆ ಅಂಟಿಕೊಂಡಳು.

ಅಷ್ಟರಲ್ಲಿ ಸಂಯುಕ್ತಾ ಹುಟ್ಟಿದಳು, ಆಗಸ್ಟ್ ಮೂರಕ್ಕೆ. ಮಕ್ಕಳ ಡಾಕ್ಟರ ವೆಬ್‌ಸೈಟಿನಲ್ಲಿ ಶೈಲಜಾ ನಮ್ಮ ರೂಢಿಯಂತೆ ದಿನ ಮೊದಲು, ತಿಂಗಳು ಆಮೇಲೆ ಬರೆದಳು. ಅಮೆರಿಕದ ಕಂಪ್ಯೂಟರು ಅದನ್ನು ಮಾರ್ಚ್ ಎಂಟು ಎಂದು ಓದಿತು. ಎರಡು ತಿಂಗಳ ಕೂಸು ಏಳು ತಿಂಗಳಿನದಾಗಿ, ಇಷ್ಟಾದರೂ ಮಗು ಕೂರುವುದಿಲ್ಲವೇ ಎಂದು ನರ್ಸು ಗಾಬರಿಯಾದಳು. ಶೈಲಜಾಗೆ ರೇಗಿತು. ಅದೇ ದೋಷ ತನ್ನ ಫ್ರೇಮ್‌ವರ್ಕಿನಲ್ಲೂ ಇದೆಯೆಂದು ಗೊತ್ತಾದಾಗ ಇನ್ನಷ್ಟು ರೇಗಿತು. ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು, ಒಂದೇ ಕೈಯಲ್ಲಿ ಕುಟ್ಟಿ, ಯಾವ ದೇಶದವರು ಹೇಗೆ ಬರೆದರೂ ತಾರೀಕನ್ನು ಸರಿಯಾಗಿ ಓದುವ ಕೋಡು ಬರೆದಳು.

ಆ ಕಾಲದಲ್ಲಿ ಹೊರಗಿನವರು ಕಳಿಸಿದ್ದನ್ನು, ಫ್ರೇಮ್‌ವರ್ಕು ನೋಡಿಕೊಳ್ಳುವ ತಂಡದ ಯಾರಾದರೊಬ್ಬರು ತಮ್ಮ ಹೆಸರಿನಲ್ಲೇ ಸೇರಿಸುವುದು ಪದ್ಧತಿ. ಶೈಲಜಾಳ ಕೋಡೂ ಜರ್ಮನಿಯ ಯಾರೋ ಪುಣ್ಯಾತ್ಮನ ಹೆಸರಲ್ಲಿ ಒಳಗೆ ಹೋಯಿತು. ಮುಂದೆ ವೀಸಾ ಬದಲಾಯಿತು, ನೌಕರಿ ಸಿಕ್ಕಿತು, ಅವಳೇ ಆ ತಂಡದ ಹಿರಿಯಳಾದಳು. ಆದರೆ ಆ ಕೋಡು ನನ್ನದು ಎಂದು ಯಾರಿಗೂ ಹೇಳಿಕೊಳ್ಳಲಿಲ್ಲ. ಹೇಳಿಕೊಳ್ಳುವುದು ಅವಳ ಜಾಯಮಾನವೇ ಅಲ್ಲ.

ಈಗ ಸಂಯುಕ್ತಾಗೂ ಹತ್ತಿರದ ಮೌಂಟನ್ ವ್ಯೂ ಊರಿನಲ್ಲಿ ಸಾಫ್ಟ್‌ವೇರ್ ಕೆಲಸ. ಅಮ್ಮನ ಫ್ರೇಮ್‌ವರ್ಕಿಗೆ ತಾನೂ ಕೈ ಹಚ್ಚುತ್ತೇನೆ ಎಂದು ಹೊರಟವಳು ಮೊದಲು ಹಿಡಿದದ್ದೇ ಆ ತಾರೀಕಿನ ಕೋಡನ್ನು, ಕಿತ್ತುಹಾಕುವುದಕ್ಕೆ. ತಪ್ಪೇನಿಲ್ಲ. ಜಾವಾ ಭಾಷೆಯೇ ಈಗ ಆ ಕೆಲಸವನ್ನು ಸೊಗಸಾಗಿ ಮಾಡುತ್ತದೆ. ಮಗಳ ಬದಲಾವಣೆಯನ್ನು ಪರಿಶೀಲಿಸಿ ಒಪ್ಪಿಗೆ ಕೊಡಬೇಕಾದವಳು ಶೈಲಜಾ. ಅವಳು ಬೇಡ, ಇರಲಿ ಎಂದು ಬರೆದು ತಡೆದುಬಿಟ್ಟಳು.

ಶನಿವಾರ ಮನೆಗೆ ಬಂದ ಮಗಳು ಅಡುಗೆಮನೆಯಲ್ಲೇ ಹಿಡಿದಳು.

"ಅಮ್ಮಾ, ಗಿವ್ ಮಿ ಒನ್ ಟೆಕ್ನಿಕಲ್ ರೀಸನ್."

ಶೈಲಜಾ ಹುರಳಿಕಾಯಿ ಸೋಸುತ್ತಾ ಕೂತಿದ್ದಳು. ಕಾರಣ ಎಲ್ಲಿಂದ ತರುವುದು?

"ಅದು ಪಾಪ ಏನ್ ಮಾಡ್ತು ನಿಂಗೆ? ಒಂದ್ ಮೂಲೇಲಿ ಬಿದ್ದಿರುತ್ತೆ."

"ಅಮ್ಮಾ! ಬೇರೆ ಯಾರಾದ್ರೂ ಹೀಗಂದ್ರೆ ನೀನೇ ಬಯ್ತೀಯ."

ಅದು ನಿಜವೇ. ಆದರೆ ವೀಸಾದ ಆ ವರ್ಷಗಳಲ್ಲಿ ತಾನೂ ಏನೋ ಮಾಡಿದ್ದೆ ಎನ್ನುವುದಕ್ಕೆ ಅದೊಂದೇ ಉಳಿದಿತ್ತು. ಅದೂ ಹೋದರೆ ಆ ದಿನಗಳೇ ಇರಲಿಲ್ಲ ಎಂದಂತೆ.

"ಅದನ್ನ ಬರ್ದಿದ್ದು ನಾನು ಕಣೇ," ಎಂದಳು.

"ಬಟ್ ಅಲ್ಲಿ ಬೇರೆ ಹೆಸರಿದೆ?"

ಶೈಲಜಾ ಹೇಳಿದಳು. ವೀಸಾ, ಆಗಸ್ಟ್ ಮೂರು, ನರ್ಸು, ಜರ್ಮನಿಯವನು, ಎಲ್ಲ. ಸಂಯುಕ್ತಾ ನಗುತ್ತಾ ಕೇಳಲು ಶುರು ಮಾಡಿದವಳು ನಡುವೆ ಎಲ್ಲೋ ನಗು ನಿಲ್ಲಿಸಿದಳು.

"ಸೋ ಇಟ್ ವಾಸ್ ಫಾರ್ ಮಿ," ಎಂದಳು. "ನಾನು ತೆಗಿಯಲ್ಲ ಅಮ್ಮಾ. ಇರ್ಲಿ ಬಿಡು."

ಮಗಳು ಹಾಗೆ ಸೋತುಬಿಟ್ಟದ್ದೇ ಶೈಲಜಾಗೆ ಸರಿಬರಲಿಲ್ಲ.

"ಬೇಡ, ತೆಗಿ. ಅಮ್ಮ ಬರ್ದಿದ್ದು ಅಂತ ಹಳೇದನ್ನ ಇಟ್ಕೊಂಡ್ರೆ ಅದೆಂಥ ಎಂಜಿನಿಯರೇ ನೀನು?"

ಸಂಯುಕ್ತಾ ಲ್ಯಾಪ್‌ಟಾಪು ತೆಗೆದುಕೊಂಡು ಸೋಫಾಕ್ಕೆ ಹೋದಳು. ಸ್ವಲ್ಪ ಹೊತ್ತಿನಲ್ಲಿ ಬದಲಾವಣೆ ಮತ್ತೆ ಶೈಲಜಾಳ ಪರಿಶೀಲನೆಗೆ ಬಂತು. ಕೋಡಿನಲ್ಲಿ ವ್ಯತ್ಯಾಸವಿರಲಿಲ್ಲ. ಜೊತೆಗಿನ ಟಿಪ್ಪಣಿಯ ಕೊನೆಗೆ ಮಾತ್ರ ಒಂದು ಸಾಲು ಹೊಸದಾಗಿ ಸೇರಿತ್ತು: 'ಈಗ ತೆಗೆಯುತ್ತಿರುವ ಕೋಡನ್ನು ಮೊದಲು ಬರೆದವರು ಶೈಲಜಾ, ನನ್ನ ಅಮ್ಮ.'

ಕೋಡು ಹೋದರೂ ಟಿಪ್ಪಣಿ ಅಳಿಯುವುದಿಲ್ಲ, ಫ್ರೇಮ್‌ವರ್ಕು ಇರುವಷ್ಟು ಕಾಲ ಆ ಸಾಲೂ ಅದರ ಚರಿತ್ರೆಯಲ್ಲಿರುತ್ತದೆ. ಶೈಲಜಾ ಕನ್ನಡಕ ತೆಗೆದು ಕಣ್ಣೊರೆಸಿಕೊಂಡಳು. ಇಂಥ ಟಿಪ್ಪಣಿಗಳಲ್ಲಿ ಸಂಬಂಧ ನಮೂದಿಸುವ ಪದ್ಧತಿಯಿಲ್ಲ. ನಿಯಮದಂತೆ ಕೊನೆಯ ಎರಡು ಪದಗಳನ್ನು ತೆಗೆಯಲು ಅವಳು ಹೇಳಬೇಕಿತ್ತು. ಹೇಳಲಿಲ್ಲ, ಒಪ್ಪಿಗೆಯ ಗುಂಡಿ ಒತ್ತಿದಳು.