ಅಪ್ಪ ಒಲ್ಲೆ ಎಂದ ಗಂಜಿ

ಇವತ್ತು ಬೆಳಿಗ್ಗೆ ಫ್ರಿಜ್ಜಿನಲ್ಲಿದ್ದ ಸ್ಟೀಲ್ ಡಬ್ಬಿಯ ಮುಚ್ಚಳ ತೆಗೆದೆ. ಅನ್ನ. ಯಾವತ್ತಿನದು? ಮೂಸಿ ನೋಡಿದ ಮೇಲೆ ನಿನ್ನೆಯದೇ ಎಂದು ಖಾತ್ರಿಯಾಯಿತು. ಡಬ್ಬಿ ತುಂಬಿಡುವಾಗ ನನಗಿರುವ ಉತ್ಸಾಹ ಅದನ್ನು ಹೊರತೆಗೆಯುವಾಗ ಇರುವುದಿಲ್ಲ, ಏನು ಮಾಡಲಿ? ಜೋಳದ ಹಿಟ್ಟು ಇಳಿಸಿಕೊಂಡು, ಬೆಳ್ಳುಳ್ಳಿ, ಜೀರಿಗೆ, ಹಸಿಮೆಣಸಿನಕಾಯಿ ಜಜ್ಜತೊಡಗಿದೆ. ಆ ಘಾಟಿಗೆ ಯಾದಗಿರಿಯ ಈ ಮನೆ ಬಿಟ್ಟು, ಶಹಾಪುರದ ಆಚೆಗಿರುವ ನಮ್ಮೂರಿಗೆ ಹೋಗಿಬಿಟ್ಟೆ. ಹೆಂಚು ಕಾಯುವಷ್ಟರಲ್ಲಿ ನಿಮ್ಮನ್ನೂ ಕರೆದುಕೊಂಡು ಹೋಗಿ ಬರುತ್ತೇನೆ, ಬನ್ನಿ.

ನಮ್ಮ ಹೊಲಗಳಿಗೆ ಕಾಲುವೆಯ ನೀರು ಬಂದ ಹೊಸತು ಅದು. ಅದಕ್ಕೂ ಮೊದಲು ನಮ್ಮ ಮನೆಯಲ್ಲಿ ಅನ್ನವಾಯಿತೆಂದರೆ ಒಂದೋ ಹಬ್ಬ, ಇಲ್ಲವೇ ಯಾರಿಗೋ ಜ್ವರ. ಉಳಿದ ದಿನವೆಲ್ಲ ಜೋಳದ ರೊಟ್ಟಿ. ರೊಟ್ಟಿ ಉಳಿದರೆ ಯಾರೂ ಚಿಂತೆ ಮಾಡುತ್ತಿರಲಿಲ್ಲ. ಒಣಗಿದಷ್ಟೂ ಬಾಳುತ್ತದೆ, ಮುರಿದು ಮಜ್ಜಿಗೆಯಲ್ಲಿ ನೆನೆಸಿ ಒಗ್ಗರಣೆ ಕೊಟ್ಟರೆ ಮುಂಜಾನೆಯ ನಾಷ್ಟಾ ಆಯಿತು. ಅನ್ನ ಹಾಗಲ್ಲ. ಸಂಜೆಗೇ ಬೆವರುತ್ತದೆ, ಮುಂಜಾನೆಗೆ ಹಳಸುತ್ತೇನೆಂದು ಹೆದರಿಸುತ್ತದೆ. ಅವ್ವ ಅದರ ಸ್ವಭಾವ ತಿಳಿದುಕೊಳ್ಳುವ ಮೊದಲೇ ಅಪ್ಪ ನಮ್ಮ ಮೊದಲ ಭತ್ತದ ರಾಶಿ ಮನೆಗೆ ತಂದ. ತಂದವನು ಜ್ವರ ಹಿಡಿದು ಮಲಗಿಬಿಟ್ಟ.

ವಿಷಮಜ್ವರ ಎಂದರು ಶಹಾಪುರದ ಡಾಕ್ಟರು. ಔಷಧಿಗೆ ಜ್ವರವೇನೋ ಬಿಟ್ಟಿತು. ಹೋಗುವಾಗ ಅಪ್ಪನ ಹಸಿವನ್ನೂ ಕಟ್ಟಿಕೊಂಡು ಹೋಯಿತು. ಅವ್ವ ದಿನವೂ ಹೊಸ ಅಕ್ಕಿಯ ಗಂಜಿ ಕಾಯಿಸಿ ಹಾಸಿಗೆಯ ಪಕ್ಕ ಕೂರುತ್ತಿದ್ದಳು.

“ಏಳ್ರಿ, ಎರಡು ತುತ್ತರ ಉಣ್ರಿ.”

“ಒಲ್ಲೆ. ಬಾಯೆಲ್ಲ ಕಹಿ ಆಗ್ಯಾದ.”

ಭತ್ತದ ಚೀಲ ಬೆನ್ನಿಗೇರಿಸುತ್ತಿದ್ದ ಮನುಷ್ಯ ನೀರಿನ ಚೊಂಬು ಎತ್ತಲೂ ನನ್ನನ್ನು ಕರೆಯುವಂತಾದ. ಡಾಕ್ಟರು ಅವ್ವನನ್ನು ಬದಿಗೆ ಕರೆದು ಹೇಳಿದರು: “ಜ್ವರ ಹೋಗ್ಯಾದ್ರಿ. ಈಗ ಏನರ ಹೊಟ್ಟೀಗೆ ಹೋಗಬೇಕು. ಇನ್ನೆರಡು ದಿನ ನೋಡ್ರಿ, ಇಲ್ಲಂದ್ರ ಗುಲಬರ್ಗಾಕ್ಕ ಒಯ್ಯಬೇಕಾಗ್ತದ.” ಊರಿಗೆ ಮರಳುವ ಬಸ್ಸಿನಲ್ಲಿ ಅವ್ವ ಅಪ್ಪನ ತಲೆಯನ್ನು ತನ್ನ ಹೆಗಲಿಗೆ ಒರಗಿಸಿಕೊಂಡು ಕುಳಿತಳು.

ಇತ್ತ ಪಾತ್ರೆಯಲ್ಲಿ ಗಂಜಿ ಉಳಿಯುತ್ತಲೇ ಇತ್ತು. ಚೆಲ್ಲಲು ಅವ್ವನಿಗೆ ಮನಸ್ಸು ಬರುತ್ತಿರಲಿಲ್ಲ. ಒಮ್ಮೆ ಉಪ್ಪು, ಜೀರಿಗೆ ಬೆರೆಸಿ ಮಾಳಿಗೆಯ ಮೇಲೆ ಸಂಡಿಗೆ ಇಟ್ಟಳು. ಒಮ್ಮೆ ಮಜ್ಜಿಗೆ, ಉಳ್ಳಾಗಡ್ಡಿ ಹಾಕಿ ಕಲಸಿ, ಒಗ್ಗರಣೆ ಕೊಟ್ಟು ನಮಗೆ ಬಡಿಸಿದಳು. ನನ್ನ ತಮ್ಮ ತಟ್ಟೆಯನ್ನು ಹಿಂದಕ್ಕೆ ತಳ್ಳಿದ.

“ಇವತ್ತೂ ನಿನ್ನೀದ ಏನವ್ವಾ?”

“ಒಗ್ಗರಣಿ ಇವತ್ತಿಂದು ಅದ. ಸುಮ್ನ ಉಣ್ಣು.”

ಮರುದಿನ ಮುಂಜಾನೆ ಉಳಿದ ಗಂಜಿಗೆ ಜೋಳದ ಹಿಟ್ಟು ಸುರಿದಳು. ಇನ್ನೊಂದು ಪಾತ್ರೆಯ ತಳದಲ್ಲಿದ್ದ ಬೇಳೆ ಸಾರನ್ನೂ ಬಿಡಲಿಲ್ಲ. ಬೆಳ್ಳುಳ್ಳಿ, ಮೆಣಸಿನಕಾಯಿ ಜಜ್ಜಿ ಹಾಕಿ, ಮೆಂತ್ಯದ ಸೊಪ್ಪು ಹರಿದು ಹಾಕಿ ನಾದಿದಳು. ಹೆಂಚಿನ ಮೇಲೆ ತಾಲಿಪಟ್ಟಿ ತಟ್ಟಿ ಸುತ್ತ ಎಣ್ಣೆ ಬಿಟ್ಟದ್ದೇ ತಡ, ಪಡಸಾಲೆಯಿಂದ ಅಪ್ಪನ ದನಿ ಬಂತು.

“ಏನ್ ಮಾಡಾಕತ್ತಿ ಒಳಗ?”

ಅವ್ವನ ಕೈಯಲ್ಲಿನ ಸೌಟು ನಿಂತಿತು. “ಹುಡುಗ್ರಿಗೆ ತಾಲಿಪಟ್ಟಿ ರೀ. ನಿಮಗ ಗಂಜಿ ಕಾಯಾಕ ಇಟ್ಟೀನಿ.”

“ಗಂಜಿ ನೀನ ಕುಡಿ. ನನಗ ಅದರಾಗಿಂದು ಒಂದು ಚೂರು ತಾ.”

ಅವ್ವ ನನ್ನ ಮುಖ ನೋಡಿದಳು. ಇದರಲ್ಲಿರುವುದು ನಿನ್ನೆಯ ಗಂಜಿಯೆಂದು ಬಾಯಿ ಬಿಡಬೇಡ ಎಂಬಂತೆ ಕಣ್ಣಲ್ಲೇ ಗದರಿದಳು. ಒಂದನ್ನು ಚೂರು ಮಾಡಿ, ಬೆಣ್ಣೆ ಸವರಿ ಒಯ್ದುಕೊಟ್ಟಳು. ಅಪ್ಪ ಗೋಡೆಗೆ ಒರಗಿ ಮೆಲ್ಲಗೆ ಅಗಿದ. ಒಂದು ಚೂರು ಹೋಯಿತು, ಇನ್ನೊಂದು ಹೋಯಿತು. ನಾವು ಬಾಗಿಲಲ್ಲಿ ಉಸಿರು ಹಿಡಿದು ನಿಂತಿದ್ದೆವು. ತಟ್ಟೆ ಖಾಲಿಯಾಯಿತು.

“ನೋಡು, ಜ್ವಾಳಂದ್ರ ಜ್ವಾಳ. ಆ ಅಕ್ಕ್ಯಾಗ ಏನದ?” ಎಂದ ಅಪ್ಪ.

“ಹೌದ್ರಿ,” ಎಂದಳು ಅವ್ವ, ಬಹಳ ಗಂಭೀರವಾಗಿ.

ಗುಲಬರ್ಗಾದ ಮಾತು ಅಲ್ಲಿಗೇ ಮುಗಿಯಿತು. ಅಪ್ಪ ಕಾಲುವೆಯ ಏರಿಯ ಮೇಲೆ ಮತ್ತೆ ಓಡಾಡುವಂತಾದ ಮೇಲೆ ಅವ್ವ ನಿಜ ಹೇಳಿದಳು. ಅಪ್ಪ ಅವಳನ್ನೇ ದಿಟ್ಟಿಸಿದ. “ಅಂದ್ರ ನಾ ಒಲ್ಲೆ ಅಂದದ್ದೆಲ್ಲಾ ನನಗ ತಿನಿಸೀಯೇನು?” “ಮತ್ತ ಚೆಲ್ಲಬೇಕಿತ್ತೇನ್ರಿ?” ಇಬ್ಬರೂ ನಕ್ಕ ನಗೆಗೆ ಅಟ್ಟದ ಮೇಲಿನ ಬೆಕ್ಕು ಎದ್ದು ಓಡಿತು.

ಆದರೆ ನನಗೆ ಹೆಚ್ಚು ನೆನಪಿರುವುದು ಆ ಮುಂಜಾನೆಯೇ. ಅಪ್ಪ ತಿಂದು ಮಲಗಿದ ಮೇಲೆ ಅವ್ವ ಒಲೆಯ ಮುಂದೆ ಕುಳಿತು, ಹೆಂಚಿನ ಮೇಲಿದ್ದ ತಾಲಿಪಟ್ಟಿಯನ್ನು ತಟ್ಟೆಗೂ ಹಾಕಿಕೊಳ್ಳದೆ ಮುರಿದು ತಿನ್ನತೊಡಗಿದಳು. ಒಂದು ಮುಗಿಯಿತು. ಮತ್ತೊಂದು ತಟ್ಟಿಕೊಂಡಳು. ಕಣ್ಣಲ್ಲಿ ನೀರು ಇಳಿಯುತ್ತಿತ್ತು.

“ಖಾರ ಹತ್ತೇದೇನವ್ವಾ?” ಎಂದು ಕೇಳಿದೆ.

“ಇಲ್ಲವ್ವಾ,” ಎಂದಳು. “ಭಾಳ ಹಸದಿದ್ದೆ.”

ಅಷ್ಟೂ ದಿನ ಅವಳು ಕುಳಿತು ಉಂಡದ್ದನ್ನು ನಾವು ಯಾರೂ ಕಂಡಿರಲಿಲ್ಲ, ಉಂಡೆಯಾ ಎಂದು ಕೇಳಿಯೂ ಇರಲಿಲ್ಲ.

ಹೆಂಚು ಕಾದಿದೆ. ಮನೆಯವರೆಲ್ಲ ಎದ್ದು, ನಾಷ್ಟಾ ಏನು ಎಂದು ಕೂಗುತ್ತಿದ್ದಾರೆ. ಬಂದೆ ಎಂದೆ. ಇಷ್ಟು ವರ್ಷ ಎಲ್ಲರಿಗೂ ಬಡಿಸಿ ಕೊನೆಗೆ ಉಣ್ಣುತ್ತಿದ್ದ ನಾನು, ಇವತ್ತು ಮೊದಲನೆಯದನ್ನು ನನಗೇ ಹಾಕಿಕೊಂಡು, ಬಿಸಿ ಇರುವಾಗಲೇ ತಿನ್ನಲು ಕುಳಿತಿದ್ದೇನೆ.