ಪಂಚಮಿಯ ಪೋಷಕರ ಸಭೆ

ಬೆಳಗಿನ ಲಿಂಗಪೂಜೆ ಮುಗಿಸಿ ಜಗಲಿಗೆ ಬಂದು ಕುಳಿತರೆ ನನಗೆ ಎದುರಾಗುವುದು ಊರಿನ ಕಿರಿಯ ಪ್ರಾಥಮಿಕ ಶಾಲೆ. ನಡುವೆ ಒಂದು ಮಣ್ಣುದಾರಿ, ಒಂದು ಬೇವಿನ ಮರ, ಅಷ್ಟೇ ದೂರ. ಮಾರ್ಗಶಿರ ಮಾಸದಲ್ಲಿ ಆ ದೂರವೂ ಮಂಜಿನೊಳಗೆ ಕರಗಿಹೋಗುತ್ತದೆ. ಗುಡ್ಡದ ಸಾಲಿನ ಮೇಲಿರುವ ಗಾಳಿಯಂತ್ರಗಳ ಕಂಬ ಕಾಣುವುದಿಲ್ಲ. ಬರಿಯ ರೆಕ್ಕೆಗಳು ಬಿಳುಪಿನಲ್ಲಿ ಮೂಡುತ್ತವೆ, ಮುಳುಗುತ್ತವೆ. ಮಕ್ಕಳ ದನಿ ಮೊದಲು ಬರುತ್ತದೆ, ಮಕ್ಕಳು ಆಮೇಲೆ ಬರುತ್ತಾರೆ. ಕಣ್ಣು ಮಂದವಾದ ಈ ವಯಸ್ಸಿನಲ್ಲಿ ನನಗೆ ಆ ಕ್ರಮವೇ ಹಿತವೆನಿಸುತ್ತದೆ.

ಬಾಲ್ಯದಲ್ಲಿ ಮಠದ ಪಾಠಶಾಲೆಯಲ್ಲಿ ಓದಿ, ಹೊಸದುರ್ಗ, ಹೊಳಲ್ಕೆರೆ ಸೀಮೆಯ ಪ್ರೌಢಶಾಲೆಗಳಲ್ಲಿ ಕನ್ನಡ, ಸಂಸ್ಕೃತ ಪಾಠ ಹೇಳಿ, ನಿವೃತ್ತನಾಗಿ ಹಿರಿಯೂರು ತಾಲ್ಲೂಕಿನ ಈ ಊರಿಗೆ ಮರಳಿ ಬಹಳ ಕಾಲವಾಯಿತು. ಇನ್ನು ಶಾಲೆಗೂ ನನಗೂ ಕೇಳಿಸಿಕೊಳ್ಳುವ ಸಂಬಂಧವಷ್ಟೇ ಉಳಿಯಿತು ಎಂದುಕೊಂಡಿದ್ದೆ. ಹಾಗಿರುವಾಗ ಕಳೆದ ವರ್ಷ ಶ್ರಾವಣದ ಒಂದು ಬೆಳಗ್ಗೆ, ಹಿರಿಯೂರಿನಿಂದ ಬಸ್ಸಿನಲ್ಲಿ ಬರುವ ಇಲ್ಲಿನ ಟೀಚರು ನಮ್ಮ ಜಗಲಿಯ ಮೆಟ್ಟಿಲ ಬಳಿ ಬಂದು ನಿಂತರು. ನನ್ನ ಮೊಮ್ಮಗಳ ವಯಸ್ಸು ಆಕೆಗೆ.

“ಸಾರ್, ಮಕ್ಕಳು ವಾರದಲ್ಲಿ ಏನೇನು ಕಲಿತ್ರು, ಮುಂದೆ ಶಾಲೇಲಿ ಏನಿದೆ ಅಂತ ಮನೆಯವ್ರಿಗೆಲ್ಲ ವಾಟ್ಸಾಪ್ ಗ್ರೂಪಲ್ಲಿ ಬರೆದು ಹಾಕ್ತೀನಿ. ಅರ್ಧ ಜನ ತೆಗೆದೂ ನೋಡಲ್ಲ. ಕುರಿ ಹೊಡ್ಕೊಂಡು ಹೋದವ್ರಿಗಂತೂ ಓದೋಕೇ ಬರಲ್ಲ. ಅದನ್ನೇ ನೀವು ಬಾಯಲ್ಲಿ ಹೇಳಿಬಿಟ್ರೆ ಕೇಳ್ತಾರೆ.”

“ನಿಮ್ಮ ದನಿ ಇದೆಯಲ್ಲಮ್ಮ?”

“ನನ್ನ ದನಿ ಕೇಳಿದ್ರೆ ಸಿಮ್ ಕಂಪ್ನಿ ಹೆಣ್ಮಗಳು ಅಂತ ಅಳಿಸಿಬಿಡ್ತಾರೆ ಸಾರ್. ಒಬ್ರು ಹಾಗೇ ಮಾಡಿದ್ರು!”

ಹೀಗೆ ನನಗೊಂದು ಸೇವೆ ಒದಗಿತು. ಶುಕ್ರವಾರ ಸಂಜೆ ಆಕೆ ಒಂದು ಚೀಟಿಯಲ್ಲಿ ವಿವರ ಬರೆದುಕೊಟ್ಟು ಬಸ್ಸು ಹತ್ತುವಳು. ಶನಿವಾರ ಬೆಳಗ್ಗೆ ಪೂಜೆಯಾದ ಮೇಲೆ, ವಿಭೂತಿ ಇನ್ನೂ ಹಣೆಯ ಮೇಲೆ ಒಣಗುತ್ತಿರುವಾಗಲೇ, ನಾನು ಮೊಬೈಲನ್ನು ಬಾಯಿಯ ಬಳಿ ಹಿಡಿದು ಹೇಳುವೆನು: ಒಂದನೆಯ ತರಗತಿಯ ಮಕ್ಕಳು ಈ ವಾರ ಹುಣಸೆಬೀಜ ಇಟ್ಟುಕೊಂಡು ಹತ್ತರವರೆಗೆ ಕೂಡಿಸುವುದನ್ನು ಕಲಿತರು. ಎರಡನೆಯವರು ತಮ್ಮ ತಮ್ಮ ಮನೆಯ ಬಾಗಿಲಿನ ಚಿತ್ರ ಬರೆದರು. ಮೂರನೆಯವರು ಒತ್ತಕ್ಷರದ ಪದಗಳನ್ನು ಓದುತ್ತಿದ್ದಾರೆ. ಯಾವ ಮಗುವಿನ ಹೆಸರನ್ನೂ ಎತ್ತಕೂಡದೆಂದು ಟೀಚರು ಮೊದಲೇ ಕಟ್ಟುಮಾಡಿದ್ದರು. ಒಬ್ಬರ ಮಗುವಿನ ವಿಷಯ ಊರ ಮುಂದೆ ಏಕೆ, ಅದನ್ನು ಸಭೆಯಲ್ಲಿ ಎದುರಾ ಎದುರು ಕುಳಿತು ಹೇಳೋಣ ಎಂದಿದ್ದರು. ಅದು ನನಗೂ ಒಪ್ಪಿಗೆಯಾಗಿತ್ತು.

ಹೇಳಿ ಮುಗಿಸಿ ಬೆರಳು ತೆಗೆದ ಮೇಲೆ ನಾನು ಬಹಳ ಹೊತ್ತು ಸುಮ್ಮನೆ ಕುಳಿತಿರುತ್ತಿದ್ದೆ. ಎದುರಿಗಿಲ್ಲದವರೊಡನೆ ಮಾತನಾಡುವುದು ನನಗೆ ಹೊಸತಲ್ಲ. ದಿನವೂ ಬೆಳಗ್ಗೆ ಅಂಗೈಯ ಮೇಲಿನ ಲಿಂಗದೊಡನೆ ಅದನ್ನೇ ಮಾಡುವವನು ನಾನು. ಆದರೂ ಈ ಮಾತು ಎಲ್ಲಿಗೆ ಹೋಗಿ ಮುಟ್ಟೀತೆಂದು ಮನಸ್ಸು ಅದರ ಹಿಂದೆಯೇ ನಡೆಯುತ್ತಿತ್ತು. ಐಮಂಗಲದ ಹೆದ್ದಾರಿಯ ಪಕ್ಕದಲ್ಲಿ ಟೀ ಕಾಸುವ ತಂದೆಯೊಬ್ಬನ ಜೇಬಿನಲ್ಲಿ ಅದು ಮಾತನಾಡುವುದು. ಹಾಲುರಾಮೇಶ್ವರದ ಆಚೆ ಯಾರದೋ ತೆಂಗಿನ ತೋಟದಲ್ಲಿ, ಇಬ್ಬನಿಯಲ್ಲಿ ನೆಂದು ಮಲಗಿದ ಕುರಿಮಂದೆಯ ನಡುವೆ, ಕಂಬಳಿಯ ಮೇಲಿಟ್ಟ ಮೊಬೈಲಿನಿಂದ ನನ್ನದೇ ದನಿ ಎದ್ದು ಹುಣಸೆಬೀಜದ ಲೆಕ್ಕ ಹೇಳುವುದು. “ನಿಮ್ ಮಾತು ಶುರುವಾದ್ರೆ ನಮ್ ಟಗರು ಮೆಲುಕು ಹಾಕಾದು ಬಿಟ್ಟು ನೋಡ್ತೈತೆ ಅಯ್ನೋರೆ, ನಮಗಿಂತ ಅದ್ಕೇ ಭಕ್ತಿ ಜಾಸ್ತಿ” ಎಂದು ಒಬ್ಬ ಕುರಿಗಾಹಿ ಹಬ್ಬಕ್ಕೆ ಬಂದಾಗ ಹೇಳಿ ನಗಿಸಿದ್ದನು.

ಆ ಕುರಿಗಾಹಿಯ ಮಗಳು ಮೂರನೆಯ ತರಗತಿಯಲ್ಲಿದ್ದಳು. ತಂದೆತಾಯಿ ದಸರೆಯ ಹೊತ್ತಿಗೆ ಮಂದೆಯೊಡನೆ ಹೊಸದುರ್ಗದ ಕಡೆಗೆ ಹೊರಟರೆ ಮರಳುವುದು ಬೇಸಗೆಯ ಕೊನೆಗೆ. ಅಲ್ಲಿಯವರೆಗೆ ಹುಡುಗಿ ಅಜ್ಜಿಯ ಬಳಿ. ಎರಡು ವರ್ಷ ಶಾಲೆಗೆ ಹೋಗಿಯೂ ಅವಳಿಗೆ ಅಕ್ಷರ ಕೂಡಿರಲಿಲ್ಲ. ದೀಪಾವಳಿ ಕಳೆದ ಮೇಲೆ ಏನಾಯಿತೋ, ಕಟ್ಟಿದ್ದ ಮೊಗ್ಗು ಅರಳುವಂತೆ ಅವಳಿಗೆ ಓದು ಬಂದುಬಿಟ್ಟಿತು. ಮಂಜಿನ ಆಚೆಯಿಂದ ಬರುವ ಆ ತೆಳುವಾದ ದನಿ ಮೊದಲು ತಡವರಿಸಿ, ಆಮೇಲೆ ನಿಧಾನವಾಗಿ, ಆಮೇಲೆ ಸರಾಗವಾಗಿ ನಡೆದುದಕ್ಕೆ ನಾನು ಜಗಲಿಯಲ್ಲಿ ಕುಳಿತ ಸಾಕ್ಷಿ. ಆದರೆ ಹೆಸರು ಹೇಳಕೂಡದಷ್ಟೆ. ಹಾಗಾಗಿ ಆ ಸುದ್ದಿ ತೆಂಗಿನ ತೋಟದವರೆಗೆ ಹೋಗಿರಲಿಲ್ಲ.

ಕಾರ್ತಿಕದ ಕೊನೆಯಲ್ಲಿ ಅವಳ ಅಜ್ಜಿ ನಮ್ಮ ಮೆಟ್ಟಿಲ ಮೇಲೆ ಬಂದು ಕುಳಿತಳು.

“ಅಯ್ನೋರೆ, ಪೋಷಕರ ಸಭೆಗೆ ನಮ್ ಸೊಸೆ ಬತ್ತಾಳಂತೆ. ಪುಷ್ಯಕ್ಕೆ ಕುರಿ ಈಯ್ತಾವೆ, ಮರಿ ನೋಡ್ಕಳ್ಳಾಕೆ ಕೈ ಸಾಲ್ದು. ಕೂಸಿಗೆ ಓದು ಹತ್ತಿದ್ರೆ ಸರಿ, ಇಲ್ದಿದ್ರೆ ಮಂದೆಗೆ ಕರ್ಕಂಡು ಹೋಗಾದೇ ಅಂತ ಗಂಡ ಹೆಂಡ್ತಿ ಮಾತಾಡ್ಕಂಡವ್ರೆ.”

“ಚೆನ್ನಾಗಿ ಓದುತ್ತಾಳಮ್ಮ ನಿಮ್ಮ ಮೊಮ್ಮಗಳು. ಹೇಳಲಿಲ್ಲವೇ ನೀವು?”

“ನಾನು ಹೇಳಿದ್ರೆ ಅವಳು ನಂಬ್ತಾಳಾ? ಮೊಮ್ಮಗಳ್ನ ಬಿಟ್ಟಿರಾಕಾಗ್ದೆ ಸುಳ್ಳು ಹೇಳ್ತೀಯ ಅಂತಾಳೆ. ಅವಳ ಕಣ್ಣಿಗೇ ಕಾಣ್ಬೇಕು.”

ಆ ವಾರ ಟೀಚರು ಕೊಟ್ಟ ಚೀಟಿಯಲ್ಲಿ ಸಭೆಯ ದಿನ ಸ್ಪಷ್ಟವಾಗಿತ್ತು: ಶನಿವಾರ, ಬೆಳಗ್ಗೆ ಎಂಟೂವರೆ. ನಾನು ಪಂಚಾಂಗ ತೆಗೆದು ನೋಡಿದೆ. ಅಂದು ಶುದ್ಧ ಪಂಚಮಿ. ಬಯಲಿನಲ್ಲಿ ಮಲಗಿ ಏಳುವ ಜನಕ್ಕೆ ಶನಿವಾರವೇನು, ತಾರೀಖೇನು. ಅವರಿಗೆ ತಿಳಿಯುವುದು ಚಂದ್ರನಲ್ಲವೇ ಎಂದು ನನಗೆ ತೋರಿತು. ತಿಥಿಯಿಂದ ಹೇಳಿದರೆ ಸುಲಭವೂ ಆಯಿತು, ಶುಭವೂ ಆಯಿತು ಎಂದುಕೊಂಡೆ. “ಬರುವ ಅಮಾವಾಸ್ಯೆ ಕಳೆದು ಪಂಚಮಿಯ ದಿನ ಬೆಳಗ್ಗೆ ಸಭೆ, ಮಕ್ಕಳು ನಿಮ್ಮೆದುರು ಓದುತ್ತಾರೆ, ತಪ್ಪದೆ ಬನ್ನಿ” ಎಂದು ಹೇಳಿ, ಒಳ್ಳೆಯ ಕೆಲಸ ಮಾಡಿದವನ ತೃಪ್ತಿಯಿಂದ ಕಣ್ಣು ಮುಚ್ಚಿದೆ.

ಶನಿವಾರ ಬಂದಿತು. ಶಾಲೆಯ ಅಂಗಳದಲ್ಲಿ ಜಮಖಾನ ಹಾಸಿದ್ದರು. ಕಿಟಕಿಯಿಂದ ಕಿಟಕಿಗೆ ಕಟ್ಟಿದ ದಾರದಲ್ಲಿ ಮಕ್ಕಳು ಬರೆದ ಬಾಗಿಲುಗಳೆಲ್ಲ ತೂಗಾಡುತ್ತಿದ್ದವು, ಹಸಿರು, ಕೆಂಪು, ನೀಲಿ. ಊರಿನವರಿಗೆ ದಿನ ಯಾವುದೆಂದು ಮಕ್ಕಳೇ ಹೇಳಿದ್ದರಿಂದ ಬಹುಮಂದಿ ಬಂದಿದ್ದರು. ಟೀಚರು ಒಬ್ಬೊಬ್ಬರ ಮನೆಯವರನ್ನೂ ಹತ್ತಿರ ಕೂರಿಸಿಕೊಂಡು ಮಗುವಿನ ನೋಟುಬುಕ್ಕು ತೆರೆದು ಮೆಲುದನಿಯಲ್ಲಿ ಮಾತನಾಡಿದರು. ಆಮೇಲೆ ಓದು. ಆ ಹುಡುಗಿಯ ಸರದಿ ಬಂದಾಗ ಅವಳು ಪುಸ್ತಕ ತೆರೆಯಲಿಲ್ಲ. ಗೇಟಿನತ್ತ ನೋಡುತ್ತಾ ನಿಂತಳು. ಮಂಜಿನಲ್ಲಿ ಒಂದು ಆಕಾರ ಮೂಡಿದಂತಾಗಿ ಎಲ್ಲರೂ ಅತ್ತ ತಿರುಗಿದೆವು. ಹಾಲಿನ ಕ್ಯಾನು ಹೊತ್ತವನು ದಾಟಿಹೋದನು. ಟೀಚರು ಬಲವಂತ ಮಾಡಲಿಲ್ಲ. ತಂದೆಯ ಮೊಬೈಲಿಗೆ ಕರೆ ಮಾಡಿದರೆ ವ್ಯಾಪ್ತಿ ಪ್ರದೇಶದ ಹೊರಗೆ ಎಂದಿತು. ಸಭೆ ಮುಗಿಯುವವರೆಗೆ ಹುಡುಗಿ ಓದಲೂ ಇಲ್ಲ, ಕೂರಲೂ ಇಲ್ಲ.

“ಬರ್ಲಿಲ್ಲ ಅಂದ್ರೆ ಮನ್ಸು ಗಟ್ಟಿ ಮಾಡ್ಯವ್ರೆ ಅಂತ ಅರ್ಥ” ಎಂದು ಅಜ್ಜಿ ಸೆರಗಿನಿಂದ ಮೂಗೊರೆಸಿಕೊಂಡಳು.

ಮರುದಿನ ಭಾನುವಾರ. ಪೂಜೆ ಮುಗಿಸಿ ಹೊರಗೆ ಬಂದಾಗ ಮಂಜು ಬೇವಿನ ಮರದ ಅರ್ಧದವರೆಗೆ ಎದ್ದಿತ್ತು. ಬೀಗ ಹಾಕಿದ ಶಾಲೆಯ ಗೇಟಿನ ಮುಂದೆ, ಕಂಬಳಿಯನ್ನು ಹೆಗಲಿಗೆ ಹಾಕಿಕೊಂಡು, ಕೈಚೀಲ ಕಾಲ ಬಳಿ ಇಟ್ಟುಕೊಂಡು ಒಬ್ಬ ಹೆಣ್ಣುಮಗಳು ನಿಂತಿದ್ದಳು. ಕನಸಿನಲ್ಲಿ ಕಾಣುವವರು ಹೀಗೆಯೇ, ಯಾವ ಅವಸರವೂ ಇಲ್ಲದೆ, ಇನ್ನೇನು ಬಾಗಿಲು ತೆರೆಯುತ್ತದೆ ಎಂಬಂತೆ ನಿಂತಿರುತ್ತಾರೆ. ನಾನು ದಾರಿ ದಾಟಿ ಹೋದೆ.

“ಏನ್ರಿ ಅಯ್ನೋರೆ, ಸಭೆ ಅಂತ ಕರ್ದು ಬೀಗ ಹಾಕ್ಕಂಡು ಹೋಗ್ಯವ್ರಲ್ಲ?”

“ಸಭೆ ನಿನ್ನೆ ಆಯಿತಲ್ಲ ತಾಯಿ.”

“ನಿನ್ನೆನಾ? ಪಂಚಮಿ ಅಂದಿದ್ರಲ್ಲ ನೀವು! ಮಂಗಳವಾರ ಅಮಾಸೆ. ಬುಧವಾರ ಒಂದು, ಬೇಸ್ತವಾರ ಎಲ್ಡು, ಶುಕ್ರವಾರ ಮೂರು, ಶನಿವಾರ ನಾಕು, ಐತ್ವಾರ ಐದು.” ಆಕೆ ಬೆರಳು ಮಡಿಸಿ ನನ್ನ ಮುಂದೆ ಹಿಡಿದಳು. “ಇವತ್ತೇ ಅಲ್ವಾ ಪಂಚಮಿ?”

ಆ ಪಕ್ಷದಲ್ಲಿ ತದಿಗೆಯ ತಿಥಿ ಕ್ಷಯವಾಗಿತ್ತು. ಒಂದು ಸೂರ್ಯೋದಯವನ್ನೂ ಕಾಣದೆ, ಎರಡು ಬೆಳಗುಗಳ ನಡುವೆಯೇ ಹುಟ್ಟಿ ಮುಗಿದುಹೋಗಿತ್ತು. ಆದ್ದರಿಂದ ಶುಕ್ರವಾರವೇ ಚೌತಿ, ನಾಲ್ಕನೆಯ ದಿನವಾದ ಶನಿವಾರಕ್ಕೇ ಪಂಚಮಿ. ಪಂಚಾಂಗದಲ್ಲಿ ಅದನ್ನು ಕಂಡೂ, ಬಯಲಿನಲ್ಲಿ ನಿಂತು ಬೆರಳು ಮಡಿಸುವವರು ಆ ಕಳೆದುಹೋದ ತಿಥಿಯನ್ನು ಹೇಗೆ ಬಲ್ಲರು ಎಂದು ನಾನು ಯೋಚಿಸಿರಲಿಲ್ಲ.

“ನಿನ್ನ ಎಣಿಕೆ ಸರಿಯಮ್ಮ. ತಪ್ಪು ನನ್ನದು. ವಾರವನ್ನೇ ಹೇಳಬೇಕಿತ್ತು. ನೀವು ಬಯಲಲ್ಲಿರುವವರು, ವಾರ ತಿಳಿಯಲಿಕ್ಕಿಲ್ಲ ಅಂದುಕೊಂಡೆ.”

“ಅದ್ಯಾಕ್ರಿ ತಿಳಿಯಾದಿಲ್ಲ? ಸಂತೆಗೆ ಹೋಗ್ದೆ ಹೊಟ್ಟೆಗೇನು ತಿಂತೀವಿ ನಾವು?”

ಆಕೆಯನ್ನು ಜಗಲಿಗೆ ಕರೆತಂದೆ. ಸುದ್ದಿ ತಿಳಿದು ಅಜ್ಜಿ ಮೊಮ್ಮಗಳನ್ನು ಶಾಲೆಯ ಚೀಲದ ಸಮೇತ ಕೈಹಿಡಿದು ಕರೆತಂದಳು. ಹುಡುಗಿ ತಾಯಿಯ ಬಳಿ ಹೋಗದೆ ಕಂಬಕ್ಕೆ ಒರಗಿ ನಿಂತಳು.

“ಬಾರವ್ವ, ಓದು. ನಿಮ್ಮವ್ವ ಅಷ್ಟು ದೂರದಿಂದ ಬಂದವ್ಳೆ” ಎಂದಳು ಅಜ್ಜಿ.

“ನಿನ್ನೆ ಬರ್ಬೇಕಿತ್ತು” ಎಂದಳು ಹುಡುಗಿ, ಕಂಬಕ್ಕೆ.

“ಸಿಟ್ಟು ನನ್ನ ಮೇಲೆ ಮಾಡಿಕೊಳ್ಳಮ್ಮ” ಎಂದು ನಾನು ನಡೆದುದನ್ನೆಲ್ಲ ಅವಳಿಗೂ ಹೇಳಿದೆ. ಅವಳು ಕೇಳಿ, ಚೀಲದಿಂದ ಪಾಠದ ಪುಸ್ತಕ ತೆಗೆದು ಒಂದು ಪುಟವನ್ನು ನಿಲ್ಲದೆ ಓದಿಬಿಟ್ಟಳು. ಕೋಪದ ಓದು; ಅಲ್ಪವಿರಾಮಕ್ಕೂ ಉಸಿರು ಬಿಡಲಿಲ್ಲ. ನನ್ನ ಮನಸ್ಸು ತುಂಬಿಬಂತು. ತಾಯಿಯ ಮುಖದಲ್ಲಿ ಮಾತ್ರ ಏನೂ ಕಾಣಲಿಲ್ಲ.

“ಇದು ಬಾಯಿಪಾಠನೋ ಏನೋ ನಂಗೇನು ಗೊತ್ತು? ಹೋದ್ವರ್ಸಾನೂ ಹಿಂಗೇ ಪುಸ್ತ್ಕ ಹಿಡ್ಕಂಡು ಗಡಗಡ ಅಂದಿದ್ಲು. ಪುಸ್ತ್ಕ ತಲೆಕೆಳಗಿತ್ತು ಅಂತ ಅವರಪ್ಪ ಆಮೇಲೆ ನೋಡಿದ್ದು.”

ಅಜ್ಜಿ ನಗು ತಡೆಯಲಾರದೆ ಅತ್ತ ತಿರುಗಿದಳು. ತಾಯಿ ತನ್ನ ಕೈಚೀಲದಲ್ಲಿ ಹುಡುಕಿ, ಮಡಿಸಿ ಮಡಿಸಿ ಮೆತ್ತಗಾದ ಒಂದು ಕಾಗದ ತೆಗೆದಳು. ಕುರಿಗಳಿಗೆ ಜಂತುಹುಳದ ಔಷಧಿಗೆಂದು ದನದ ಆಸ್ಪತ್ರೆಯಲ್ಲಿ ಬರೆದುಕೊಟ್ಟ ಚೀಟಿ; ಮರಳಿ ಹೋಗುವಾಗ ಹಿರಿಯೂರಿನಲ್ಲಿ ಔಷಧಿ ಕೊಂಡೊಯ್ಯಬೇಕಾಗಿತ್ತು.

“ಇದ್ನ ಓದ್ಸಿ ನೋಡಾಣ. ಇದ್ರಾಗೇನೈತೆ ಅಂತ ಅವರಪ್ಪ ಹೇಳವ್ರೆ, ನಂಗೆ ಗೊತ್ತು. ಅಯ್ನೋರೆ, ನೀವು ಹೇಳ್ಕೊಡ್ಬ್ಯಾಡ್ರಿ.”

ನಾನು ಕೈಕಟ್ಟಿ ಕುಳಿತೆ. ಕೈಬರಹ ನನಗೇ ಕಷ್ಟವಾಗುವಂತಿತ್ತು. ಹುಡುಗಿ ಕಾಗದವನ್ನು ತೊಡೆಯ ಮೇಲೆ ಸರಿಪಡಿಸಿಕೊಂಡು, ಮೊದಲ ಸಾಲಿನ ಮೇಲೆ ಬೆರಳಿಟ್ಟು, ತೆಗೆದಳು.

“ಇದು ಇಂಗ್ಲೀಷು. ಇಷ್ಟುದ್ದದ್ದು ನಂಗೆ ಬರಲ್ಲ.”

ತಾಯಿ ಮೊದಲ ಬಾರಿಗೆ ಮುಂದಕ್ಕೆ ಬಾಗಿದಳು. ಬರುವುದಿಲ್ಲ ಎಂಬ ಆ ಮಾತು ಆಕೆಗೆ ಪುಟವಿಡೀ ಓದಿದುದಕ್ಕಿಂತ ಹೆಚ್ಚು ನಂಬಿಕೆ ತಂದಿತೆಂದು ನನಗೆ ತೋರಿತು.

“ಬೆ... ಬೆಳಿಗ್ಗೆ ಮೇಯಲು ಬಿಡುವ ಮೊದಲು ಕುಡಿಸಿ. ಮರಿಗಳಿಗೆ ಅರ್ಧ.”

“ಹೂಂ, ಅಷ್ಟೇ ಐತೆ.”

“ಇನ್ನೊಂದ್ ಸಾಲೈತೆ.” ಬೆರಳು ಕೆಳಗಿಳಿಯಿತು. “ಗ... ಗಬ್ಬದ ಕುರಿಗಳಿಗೆ ಕೊಡಬೇಡಿ.”

ತಾಯಿ ನನ್ನತ್ತ ತಿರುಗಿದಳು. ನಾನು ಚೀಟಿ ನೋಡಿ ತಲೆಯಾಡಿಸಿದೆ. ಹಾಗೆಯೇ ಬರೆದಿತ್ತು.

“ನಾಳೆ ಎಲ್ಲವ್ಕೂ ಹಾಕಾಣ ಅಂದಿದ್ರಲ್ಲ ಇವರಪ್ಪ! ಅರ್ಧಕ್ಕರ್ಧ ಗಬ್ಬದವೇ ಅವೆ. ಒಸಿ ಫೋನ್ ಹಚ್ರಿ ಅಯ್ನೋರೆ.”

ಈ ಸಲ ಕರೆ ಸಿಕ್ಕಿತು. ಮಗಳು ಓದಿದ್ದನ್ನೆಲ್ಲ ಆಕೆ ಏರುದನಿಯಲ್ಲಿ ಹೇಳಿದಳು. ಅತ್ತಲಿಂದ ಕುರಿಗಳ ಅರಚಾಟದ ನಡುವೆ ಗಂಡಸಿನ ದನಿ ಕೇಳಿತು.

“ಗಬ್ಬದ್ದಕ್ ಬ್ಯಾಡಂತಾ? ಆಸ್ಪತ್ರೆ ಗದ್ದಲ್ದಾಗೆ ಡಾಕ್ಟ್ರು ಅಂದಿದ್ದು ನಂಗೆ ಕೇಳಿಸ್ಲಿಲ್ಲ ಕಣೇ. ಯಾರು ಓದಿದ್ರು, ಅಯ್ನೋರಾ?”

“ಅಯ್ನೋರು ಬಾಯಿ ಮುಚ್ಕಂಡು ಕುಂತವ್ರೆ. ನಿನ್ ಮಗಳು ಓದಿದ್ದು.”

ಕುರಿಗಳ ದನಿಯೊಂದೇ ಬಿಸಿಲು ಮೂಡುತ್ತಿದ್ದ ನಮ್ಮ ಜಗಲಿಯಲ್ಲೆಲ್ಲ ತುಂಬಿಕೊಂಡಿತು.

“ಇನ್ನೊಂದ್ಸಲ ಓದ್ಸು ಅವಳ ಕೈಲಿ. ನಾನು ಕೇಳ್ತೀನಿ.”

ಹುಡುಗಿ ಮೊಬೈಲನ್ನು ಎರಡೂ ಕೈಗಳಲ್ಲಿ ಹಿಡಿದು, ಚೀಟಿಯನ್ನು ತಾಯಿಯ ಕೈಗೆ ಕೊಟ್ಟು ಎದುರಿಗೆ ಹಿಡಿಸಿ, ಈ ಬಾರಿ ಕೋಪವಿಲ್ಲದೆ, ಪ್ರತಿ ಪದಕ್ಕೂ ಜಾಗ ಬಿಟ್ಟು ಓದಿದಳು. ಓದುತ್ತಿರುವಷ್ಟು ಹೊತ್ತೂ ಚೀಟಿ ಅಲುಗದಂತೆ ಹಿಡಿದಿದ್ದ ತಾಯಿ, ಮುಗಿದ ಮೇಲೆ ಅದನ್ನು ಮಡಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡು ಅತ್ತೆಯ ಕಡೆ ತಿರುಗಿದಳು.

“ಮರಿ ನೋಡ್ಕಳ್ಳಾಕೆ ನಮ್ ತಮ್ಮನ್ನ ಕರೀತೀನಿ. ಇವಳು ಇಲ್ಲೇ ಇರ್ಲಿ ಅತ್ತೆ.”

ಮಧ್ಯಾಹ್ನದ ಬಸ್ಸಿಗೆ ಆಕೆ ಒಬ್ಬಳೇ ಹೊರಟಳು.