ಕಿವಿಯ ಪಕ್ಕದ ತಾಳ

ದಿಬ್ಬೂರಹಳ್ಳಿಗೆ ಮೈಕು ಇನ್ನೂ ಬಾರದ ಕಾಲ. ಶಾಲೆಗೆ ಹೊಸ ಮೇಷ್ಟ್ರಾಗಿ ಹೋದ ನನಗೆ, ಕಂಠ ಚೆನ್ನಾಗಿದೆ ಅಂತ ಊರವರು ನಾಟಕದಲ್ಲಿ ಕೃಷ್ಣನ ಪಾತ್ರ ಕೊಟ್ಟರು. ಊರ ಚಾವಡಿಯಲ್ಲಿ ಹಾಡು ಕಲಿಸುತ್ತಿದ್ದ ವೆಂಕಟಪ್ಪನವರದು ಒಂದು ಪದ್ಧತಿ: ಲಯ ತಪ್ಪಿದವನ ಕಿವಿಯ ಪಕ್ಕದಲ್ಲೇ ಕಂಚಿನ ತಾಳ ಹಿಡಿದು ಬಾರಿಸುವುದು. ಕೆಲವೇ ದಿನಗಳಲ್ಲಿ ನನ್ನ ಬಲಗಿವಿಯಲ್ಲಿ ಜೀರುಂಡೆ ಸೇರಿಕೊಂಡಂತೆ ಸದ್ದು ಶುರುವಾಯಿತು. ಶ್ರುತಿ ಕೇಳಿಸದೆ ಇನ್ನಷ್ಟು ತಪ್ಪಿದೆ. ಅವರು ಇನ್ನಷ್ಟು ಬಾರಿಸಿದರು.

“ಕಿವಿ ಹೋಗುತ್ತೆ, ವೆಂಕಟಪ್ಪನೋರೇ.”

“ನಾವೂ ಹಿಂಗೇ ಕಲ್ತಿದ್ದು ಮೇಷ್ಟ್ರೇ. ಏನಾಗೈತೆ ನಮ್ಗೆ?”

ನನಗೆ ರೇಗಿತು. “ಹಂಗಾದ್ರೆ ನೀವು ಹಾಡಿ, ನಾನು ಬಾರಿಸ್ತೀನಿ” ಎಂದು ತಾಳ ಕಸಿದುಕೊಂಡೆ. ಅವರು ಧೈರ್ಯವಾಗಿ ರಾಗ ಎತ್ತಿದರು. ನಾನು ಅವರ ಕಿವಿಯ ಪಕ್ಕ ಬಾರಿಸಿದೆ. ಮೊದಲು ಸ್ವರ ಜಾರಿತು, ಆಮೇಲೆ ಸಾಲೇ ಮರೆತುಹೋಯಿತು. ಭೀಮನ ಪಾತ್ರದವನು ಬಿದ್ದು ಬಿದ್ದು ನಕ್ಕ.

“ಆಪು ನಾಯನಾ, ಸಾಕು!” ವೆಂಕಟಪ್ಪನವರು ಮನೆಮಾತಿನ ತೆಲುಗು ಬೆರೆಸಿ ಕೂಗಿ ಕಿವಿ ಮುಚ್ಚಿಕೊಂಡರು.

ಮಾರನೆಯ ದಿನ ತಾಳ ಚಾವಡಿಯ ಆ ತುದಿಗೆ ಹೋಯಿತು. ನಾಟಕದಲ್ಲಿ ನನ್ನ ಹಾಡಿಗೆ ಜನ ಒನ್ಸ್ ಮೋರ್ ಕೂಗಿದರು. ಮುಂದಿನ ಸಲ ಹೊಸಬರಿಗೆ ವೆಂಕಟಪ್ಪನವರದೇ ಉಪದೇಶ: “ತಾಳ ದೂರ ಇರ್ಬೇಕು ಕಣಪ್ಪಾ, ಮೊದ್ಲಿಂದ್ಲೂ ಹೇಳ್ತಾನೇ ಇದೀನಿ.”

ಬಲಗಿವಿಯ ಜೀರುಂಡೆ ಮಾತ್ರ ಇವತ್ತಿಗೂ ಹಾಡುತ್ತಲೇ ಇದೆ. ಜನರ ಒನ್ಸ್ ಮೋರ್ ಅದಕ್ಕೂ ಕೇಳಿಸಿರಬೇಕು.